ಕೃಷಿ ಕಲಿಸುವ ಶಾಲೆಯ ವರ್ಷದ ಕೊನೆ: ಗ್ಯಾದರಿಂಗ್ ಇರಲಿ, ಅದಕ್ಕೂ ಮುಂಚೆ ರಾಶಿಯ ಲೆಕ್ಕ ಆಗಲಿ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕೃಷಿ ಕಲಿಸುವ ಶಿಕ್ಷಕಿ. ಶಾಲೆಗೆ ಒಂದು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ ಇದೆ. ಹಿಂಗಾರಿಗೆ ಬಿಳಿಜೋಳ, ಕಡಲೆ, ಅಂಚಿಗೆ ಕುಸುಬೆ ಹಾಕುತ್ತೇವೆ. ಸಣ್ಣ ಕೈತೋಟ, ಒಂದು ನರ್ಸರಿ ಕೂಡ ಇದೆ. ಪ್ರತಿ ವರ್ಷ ಗ್ಯಾದರಿಂಗ್ (ವಾರ್ಷಿಕೋತ್ಸವ), ಹತ್ತನೆಯವರಿಗೆ ಬೀಳ್ಕೊಡುಗೆ, ಒಂದು ಟ್ರಿಪ್, ಇಷ್ಟರಲ್ಲಿ ವರ್ಷ ಮುಗಿದುಹೋಗುತ್ತದೆ. ಕೃಷಿ ಶಾಲೆ ಅನ್ನೋದಕ್ಕೆ ತಕ್ಕ ಹಾಗೆ ಕೊನೆಯ ಎರಡು ತಿಂಗಳು ಏನು ಮಾಡಿಸಬಹುದು? ಹತ್ತನೆಯವರಿಗೆ ಪರೀಕ್ಷೆ ಇರುತ್ತದೆ. ಬೇಸಿಗೆ ರಜೆಯಲ್ಲಿ ಸಸಿಗಳೆಲ್ಲ ಒಣಗಿಹೋಗುತ್ತವೆ, ಅದಕ್ಕೂ ಒಂದು ದಾರಿ ಹೇಳಿ.

ಉತ್ತರ: ಮೇಡಂ, ಶಾಲೆಯ ವರ್ಷ ಏಪ್ರಿಲ್‌ಗೆ ಮುಗಿಯುತ್ತದೆ. ಹೊಲದ ವರ್ಷ ಆಗ ಮುಗಿಯುವುದಿಲ್ಲ. ಹಿಂಗಾರಿ ಪೀಕು ಆಗಷ್ಟೇ ಮನೆಗೆ ಬಂದಿರುತ್ತದೆ, ಬೀಜ ಎತ್ತಿಡಬೇಕು, ಮಣ್ಣು ಪರೀಕ್ಷೆಗೆ ಕಳಿಸಬೇಕು, ಮಾಗಿ ಉಳುಮೆ ಆಗಬೇಕು, ಮುಂಗಾರಿಗೆ ತಯಾರಿ ಶುರುವಾಗಬೇಕು. ಇದೇ ಹೊತ್ತಿಗೆ ನಾವು ಗೇಟಿಗೆ ಬೀಗ ಹಾಕಿ ಹೋಗುತ್ತೇವೆ. ನಿಮ್ಮ ಸಸಿ ಒಣಗೋದೂ, ಮಕ್ಕಳಿಗೆ ವರ್ಷವಿಡೀ ಮಾಡಿದ ಕೆಲಸ ಏನಾಯ್ತು ಅಂತ ಗೊತ್ತಾಗದೇ ಇರೋದೂ ಎರಡೂ ಇದರಿಂದಲೇ. ಹಾಗಾಗಿ ನನ್ನ ಸಲಹೆ ಒಂದೇ. ವರ್ಷದ ಕೊನೆ ಅಂದರೆ ಒಂದು ಬ್ಯಾಚು ತಾನು ಬೆಳೆದದ್ದನ್ನು ಅಳೆದು, ತೂಗಿ, ಲೆಕ್ಕ ಬರೆದು, ಹೊಲ, ಬೀಜ, ಲೆಕ್ಕದ ವಹಿ ಈ ಮೂರನ್ನೂ ಮುಂದಿನ ಬ್ಯಾಚಿನ ಕೈಗೆ ಕೊಡುವ ಕೆಲಸ ಅಂತ ಇಟ್ಟುಕೊಳ್ಳಿ. ಮಿಕ್ಕ ಎಲ್ಲ ಕಾರ್ಯಕ್ರಮವೂ ಅದರ ಸುತ್ತ ಬರಲಿ.

ಮೊದಲು ಹತ್ತನೆಯವರ ವಿಷಯ. ಮಾರ್ಚ್ ಬಂತು ಅಂದರೆ ಎಸ್ಸೆಸ್ಸೆಲ್ಸಿ, ಆಗ ಅವರನ್ನು ಹೊಲಕ್ಕೆ ಕರೆಯಲೇಬಾರದು. ಆದರೆ ನಿಮ್ಮ ಬೆಳೆಯಲ್ಲೇ ಇದಕ್ಕೆ ಉತ್ತರ ಇದೆ. ಅಕ್ಟೋಬರ್‌ನಲ್ಲಿ ಬಿತ್ತಿದ ಕಡಲೆ, ಅಣ್ಣಿಗೇರಿ-1 ತಳಿ ಆಗಲಿ ಜೆಜಿ-11 ಆಗಲಿ, ಸುಮಾರು ನೂರು ದಿನಕ್ಕೆ ಬರುತ್ತದೆ. ಅಂದರೆ ಜನವರಿ ಕೊನೆ, ಫೆಬ್ರವರಿ ಮೊದಲ ವಾರ. ಬಿಳಿಜೋಳ ಇನ್ನೂ ಎರಡು ಮೂರು ವಾರ ತಡ. ಹಾಗಾಗಿ ಕಡಲೆ ಹೊಲ ಹತ್ತನೆಯವರದ್ದು, ಜೋಳ ಒಂಬತ್ತನೆಯವರದ್ದು, ಕೈತೋಟ ಮತ್ತು ನರ್ಸರಿ ಎಂಟನೆಯವರದ್ದು ಅಂತ ಬಿತ್ತುವಾಗಲೇ ಹಂಚಿಬಿಡಿ. ಕಡಲೆ ರಾಶಿ (ಒಕ್ಕಣೆ) ಆಗುವುದಕ್ಕೂ ಹತ್ತನೆಯವರು ಓದಿಗೆ ಕೂರುವುದಕ್ಕೂ ಸರಿಯಾಗುತ್ತದೆ. ಅವರ ಬೀಳ್ಕೊಡುಗೆಯನ್ನು ರಾಶಿ ಮುಗಿದ ವಾರವೇ ಇಟ್ಟುಕೊಳ್ಳಬಹುದು, ಅದಕ್ಕೆ ಬೇರೆ ಪೆಂಡಾಲು ಬೇಡ, ಕಣವೇ ಸಾಕು.

ಕಡಲೆ ಕೀಳೋದು ಬೆಳಗಿನ ಜಾವದ ತಂಪಿನಲ್ಲಿ ಆಗಬೇಕು. ಬಿಸಿಲೇರಿದ ಮೇಲೆ ಗಿಡ ಮುಟ್ಟಿದರೆ ಕಾಯಿ ಉದುರುತ್ತವೆ, ಕಾಳು ನೆಲದ ಪಾಲಾಗುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ, ಆದರೆ ಯಾಕೆ ಅಂತ ಕೇಳಿದರೆ ಮಕ್ಕಳು ಸುಮ್ನೆ ನಿಲ್ಲುತ್ತಾರೆ. ಆ ಯಾಕೆ ಅನ್ನೋದೇ ನಿಮ್ಮ ಪಾಠ. ಕಡಲೆಯಲ್ಲಿ ಇನ್ನೊಂದು ಪಾಠವೂ ಇದೆ. ಗಿಡ ಹಸಿರಿದ್ದಾಗ ಅದರ ಮೈಮೇಲಿನ ಸಣ್ಣ ಕೂದಲುಗಳಿಂದ ಹುಳಿ ಒಸರುತ್ತದೆ, ಅದರಲ್ಲಿ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಇರುತ್ತದೆ. ರಾತ್ರಿ ಬೆಳೆ ಮೇಲೆ ತೆಳು ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಕಡಲೆ ಹುಳಿ ತೆಗೆದು ಹೊಟ್ಟೆನೋವಿಗೆ ಎತ್ತಿಡುತ್ತಿದ್ದ ಅಜ್ಜಿಯರು ಇನ್ನೂ ನಿಮ್ಮ ಊರಲ್ಲಿ ಇರಬಹುದು. ಮುಂದಿನ ಡಿಸೆಂಬರ್‌ಗೆ ಅಂಥವರೊಬ್ಬರನ್ನು ಕರೆಸಿ. ವಿಜ್ಞಾನದ ಮೇಷ್ಟ್ರು ಲಿಟ್ಮಸ್ ಕಾಗದ ತಗೊಂಡು ಪಕ್ಕದಲ್ಲಿ ನಿಲ್ಲಲಿ.

ಈಗ ಜೋಳ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಒಂಬತ್ತನೆಯವರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ಕೊಯ್ಯುವ ಮುಂಚೆ ಬೆಳೆ ಕಟಾವು ಪ್ರಯೋಗ ಮಾಡಿಸಿ. ಫಸಲ್ ಬಿಮಾ ಯೋಜನೆಯಲ್ಲಿ ಒಂದು ಗ್ರಾಮ ಪಂಚಾಯ್ತಿಯ ಇಲ್ಲವೇ ಹೋಬಳಿಯ ಇಳುವರಿ ಎಷ್ಟು ಅಂತ ತೀರ್ಮಾನ ಮಾಡೋದು ಇದರ ಮೇಲೆಯೇ. ಅಪ್ಪ ವಿಮೆ ಕಟ್ಟಿದ್ದಾರೆ, ದುಡ್ಡು ಬಂತು ಇಲ್ಲವೇ ಬರಲಿಲ್ಲ ಅನ್ನೋದು ಪ್ರತಿ ಮನೆಯ ಮಾತು, ಆದರೆ ಲೆಕ್ಕ ಹೇಗೆ ಹಾಕುತ್ತಾರೆ ಅಂತ ದೊಡ್ಡವರಿಗೂ ಬಹಳ ಜನಕ್ಕೆ ಗೊತ್ತಿಲ್ಲ. ಮಾಡೋದು ಹೀಗೆ. ಅಂಕಿ ಬರೆದ ಎರಡು ಚೀಟಿ ಎತ್ತಿಸಿ. ಹೊಲದ ನೈರುತ್ಯ ಮೂಲೆಯಿಂದ ಉದ್ದಕ್ಕೆ ಮೊದಲ ಚೀಟಿಯಷ್ಟು ಹೆಜ್ಜೆ, ಅಗಲಕ್ಕೆ ಎರಡನೇ ಚೀಟಿಯಷ್ಟು ಹೆಜ್ಜೆ. ಅಲ್ಲಿ ಗೂಟ ಹೊಡೆದು 5 ಮೀಟರ್ ಉದ್ದ, 5 ಮೀಟರ್ ಅಗಲ ಹಗ್ಗ ಕಟ್ಟಿ. ಒಳಗಿನ ತೆನೆ ಮಾತ್ರ ಕೊಯ್ದು, ಬಡಿದು, ತೂರಿ, ತೂಗಿ. ಮತ್ತೆ ಒಣಗಿಸಿ ಇನ್ನೊಂದು ಸಲ ತೂಗಿ. ಚೌಕದ ವಿಸ್ತೀರ್ಣ 25 ಚದರ ಮೀಟರ್. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಭಾಗಿಸಿದರೆ 162 ಬರುತ್ತದೆ. ಚೌಕದಲ್ಲಿ 3 ಕಿಲೋ ಸಿಕ್ಕರೆ ಎಕರೆಗೆ 486 ಕಿಲೋ, ಅಂದರೆ ಐದು ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ.

ಒಂದೇ ಚೌಕಕ್ಕೆ ನಿಲ್ಲಿಸಬೇಡಿ. ಚೀಟಿ ಎತ್ತಿ ಆರಿಸಿದ್ದು ಒಂದು, ಒಡ್ಡಿನ ಪಕ್ಕ ಒಂದು, ನೀರು ನಿಲ್ಲುವ ತಗ್ಗಿನಲ್ಲಿ ಒಂದು. ಮೂರರ ತೂಕ ಮೂರು ತರ ಬರುತ್ತದೆ, ಆಗ ಮಕ್ಕಳೇ ಜಗಳಕ್ಕೆ ಬೀಳುತ್ತಾರೆ, ಯಾವುದು ನಿಜವಾದ ಇಳುವರಿ ಅಂತ. ಆ ಜಗಳ ಆಗಲಿ ಬಿಡಿ. ಸರಾಸರಿ ಅನ್ನೋದು ಯಾಕೆ ಬೇಕು, ಜಾಗವನ್ನು ನಮ್ಮ ಕಣ್ಣಿಗೆ ಚೆಂದ ಕಂಡಲ್ಲಿ ಆರಿಸದೆ ಚೀಟಿ ಎತ್ತಿಯೇ ಯಾಕೆ ಆರಿಸಬೇಕು ಅಂತ ಬೋರ್ಡಿನ ಮೇಲೆ ಒಂದು ತಿಂಗಳು ಹೇಳಿದರೂ ಹೋಗದ ತಲೆಗೆ ಅಲ್ಲಿ ಒಂದು ಗಂಟೆಯಲ್ಲಿ ಹೋಗುತ್ತದೆ. ಕಾಳಿನ ಜೊತೆ ಕಣಿಕಿಯನ್ನೂ (ಒಣ ಜೋಳದ ದಂಟು) ತೂಗಿಸಿ, ಮರೀಬೇಡಿ. ಬೇಸಿಗೆಯಲ್ಲಿ ದನ ಇದ್ದವರಿಗೆ ಕಣಿಕಿ ಕಾಳಿನಷ್ಟೇ ಮುಖ್ಯ. ನಮ್ಮ ರೈತರು ಎಂ 35-1 ಬಿಟ್ಟು ಬೇರೆ ತಳಿಗೆ ಸುಲಭವಾಗಿ ಹೋಗದೇ ಇರೋದಕ್ಕೆ ರೊಟ್ಟಿ ಎಷ್ಟು ಕಾರಣವೋ ಕಣಿಕಿಯೂ ಅಷ್ಟೇ ಕಾರಣ.

ಮೂರು ಎಚ್ಚರಿಕೆ. ಕುಡಗೋಲು ಹಿಡಿಯುವವರ ಹತ್ತಿರ ಒಬ್ಬ ದೊಡ್ಡವರು ಇರಲೇಬೇಕು. ರಾಶಿ ಮಷಿನ್ ತರಿಸಿದರೆ ಮಕ್ಕಳು ಅದರ ಹತ್ತಿರ ಸುಳಿಯಕೂಡದು, ದೂರದಿಂದ ನೋಡಲಿ. ಸೀರೆ, ದುಪಟ್ಟ, ಸಡಿಲ ತೋಳಿನ ಅಂಗಿ ಬೆಲ್ಟಿಗೆ ಸಿಕ್ಕಿ ಆದ ಅನಾಹುತಗಳು ಪ್ರತಿ ಸುಗ್ಗಿಯಲ್ಲೂ ಕೇಳುತ್ತೇವೆ. ಹೊಲದ ಕೆಲಸ ಏನಿದ್ದರೂ ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ. ಮಾರ್ಚ್ ಬಿಸಿಲು ನಿಮಗೆ ಗೊತ್ತೇ ಇದೆ.

ಲೆಕ್ಕಕ್ಕೆ ಬರೋಣ. ಇದು ಎಲ್ಲಕ್ಕಿಂತ ಮುಖ್ಯ, ಎಲ್ಲ ಕಡೆ ಬಿಟ್ಟುಹೋಗುವುದೂ ಇದೇ. ಪ್ರತಿ ಗುಂಪಿಗೆ ಒಂದು ವಹಿ ಇರಬೇಕು. ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಟ್ರ್ಯಾಕ್ಟರ್ ಬಾಡಿಗೆ ಎಷ್ಟು. ಇಲ್ಲಿಯವರೆಗೆ ಎಲ್ಲರೂ ಬರೆಯುತ್ತಾರೆ. ತಾವು ಎಡೆ ಹೊಡೆದದ್ದು, ಕಳೆ ಕಿತ್ತದ್ದು, ಹಕ್ಕಿ ಕಾದದ್ದು ಯಾರೂ ಬರೆಯುವುದಿಲ್ಲ. ಅದಕ್ಕೂ ಊರಿನಲ್ಲಿ ನಡೆಯುವ ಕೂಲಿ ದರ ಹಾಕಿಸಿ. ಆಮೇಲೆ ಬಂದದ್ದು. ಕಾಳಿಗೆ ಎರಡು ದರ ಬರೆಸಿ, ಒಂದು ಸರ್ಕಾರದ ಬೆಂಬಲ ಬೆಲೆ, ಇನ್ನೊಂದು ಆ ವಾರ ಬಾಗಲಕೋಟೆ ಎಪಿಎಂಸಿಯಲ್ಲಿ ನಿಜವಾಗಿ ನಡೆದ ಬೆಲೆ. 2025-26ಕ್ಕೆ ಮಾಲ್ದಂಡಿ, ಅಂದರೆ ನಮ್ಮ ಹಿಂಗಾರಿ ಬಿಳಿಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699. ಮಾಲ್ದಂಡಿಗೆ ಬೇರೆ ದರ ಯಾಕೆ ಅಂತ ಮಕ್ಕಳು ಕೇಳಬೇಕು, ಕೇಳದಿದ್ದರೆ ನೀವೇ ಕೇಳಿ. ಕಣಿಕಿ, ಕಡಲೆ ಹೊಟ್ಟಿಗೂ ಬೆಲೆ ಕಟ್ಟಿಸಿ. ಕೊನೆಗೆ ಕಳೆದು ನೋಡಿದಾಗ ಕೂಲಿ ಸೇರಿಸಿದರೆ ನಷ್ಟ, ಸೇರಿಸದಿದ್ದರೆ ಲಾಭ ಅಂತ ಬಂದರೂ ಬರಬಹುದು. ಮನೆಯಲ್ಲಿ ಅಪ್ಪ ಅವ್ವ ವರ್ಷವಿಡೀ ದುಡಿದದ್ದು ಯಾವ ಲೆಕ್ಕದಲ್ಲೂ ಇಲ್ಲ ಅನ್ನೋದು ಹದಿನಾಲ್ಕು ವರ್ಷದ ಮಗುವಿಗೆ ಅಂಕಿಯಲ್ಲಿ ಕಾಣುವ ಹೊತ್ತು ಅದು. ಅದನ್ನು ಮುಚ್ಚಿಟ್ಟು ಕೃಷಿ ಬಹಳ ಲಾಭ ಅಂತ ಭಾಷಣ ಮಾಡಿಸಬೇಡಿ, ದಯವಿಟ್ಟು.

ಗ್ಯಾದರಿಂಗ್ ದಿನ ತಂದೆತಾಯಿ ಎಲ್ಲ ಬಂದಿರುತ್ತಾರಲ್ಲ, ಡ್ಯಾನ್ಸ್ ಶುರುವಾಗುವ ಮುಂಚೆ ಅರ್ಧ ಗಂಟೆ ಈ ವಹಿ ಓದಿಸಿ. ಒಂದೊಂದು ಗುಂಪಿಗೆ ಐದು ನಿಮಿಷ. ಮೊದಲ ಸಾಲಿನಲ್ಲಿ ಕೂತ ರೈತರು ತಾವಾಗೇ ಪ್ರಶ್ನೆ ಕೇಳುತ್ತಾರೆ, ಇಷ್ಟು ಗೊಬ್ಬರ ಯಾಕೆ ಹಾಕಿದ್ರಿ, ಬಿತ್ತಿದ್ದು ಯಾವಾಗ, ಮಳೆ ಯಾವ ನಕ್ಷತ್ರಕ್ಕೆ ಆಯ್ತು ಅಂತ. ಅದೇ ನಿಜವಾದ ಮೌಖಿಕ ಪರೀಕ್ಷೆ.

ಬಹುಮಾನದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ ಇದೆ. ಜಾಸ್ತಿ ಬೆಳೆದವರಿಗೆ ಕೊಡಬೇಡಿ, ಚೆನ್ನಾಗಿ ಬರೆದವರಿಗೆ ಕೊಡಿ. ಒಬ್ಬ ಹುಡುಗನ ಮಡಿಯಲ್ಲಿ ಸೊರಗು ರೋಗ ಬಂದು ಅರ್ಧ ಕಡಲೆ ಹೋಯಿತು, ಆದರೆ ಯಾವ ದಿನ ಮೊದಲು ಕಂಡಿತು, ಯಾವ ಸಾಲಿನಿಂದ ಹಬ್ಬಿತು ಅಂತ ಬರೆದಿಟ್ಟಿದ್ದಾನೆ ಅಂದರೆ ಮೊದಲ ಬಹುಮಾನ ಅವನಿಗೇ. ಅಮೆರಿಕದ ಶಾಲೆಗಳಲ್ಲಿ 1928ರಿಂದ ಎಫ್‌ಎಫ್‌ಎ ಅಂತ ಕೃಷಿ ವಿದ್ಯಾರ್ಥಿಗಳ ಸಂಘಟನೆ ಇದೆ. ಅಲ್ಲಿ ಪ್ರತಿ ವಿದ್ಯಾರ್ಥಿ ಮನೆಯಲ್ಲೋ ಹೊಲದಲ್ಲೋ ತನ್ನದೇ ಒಂದು ಯೋಜನೆ ನಡೆಸಿ ಅದರ ದಾಖಲೆ ಪುಸ್ತಕ ಇಡಬೇಕು. ವರ್ಷದ ಕೊನೆಯ ಊಟದ ಸಮಾರಂಭದಲ್ಲಿ ಗೌರವ ಸಿಗೋದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಅವರ ನೀಲಿ ಕೋಟು ನಮಗೆ ಬೇಡ, ಆ ಪುಸ್ತಕದ ಪದ್ಧತಿ ಬೇಕು. ಬಹುಮಾನವಾಗಿ ಪ್ಲಾಸ್ಟಿಕ್ ಕಪ್ಪು ತರಬೇಡಿ. ಕಳೆ ತೆಗೆಯುವ ಒಂದು ಒಳ್ಳೆಯ ಕುರುಪಿ, ಊರಿನ ಕಮ್ಮಾರರ ಹತ್ತಿರವೇ ಮಾಡಿಸಿದ್ದು, ಕೊಡಿ.

ಸಾಂಸ್ಕೃತಿಕ ಕಾರ್ಯಕ್ರಮ ಬೇಡ ಅನ್ನುತ್ತಿಲ್ಲ. ಮಕ್ಕಳು ಕುಣಿಯಲಿ. ಆದರೆ ಹಂತಿ ಪದ ಹಾಡುವ ಹಿರಿಯರು ಸುತ್ತಲ ಊರುಗಳಲ್ಲಿ ಇದ್ದಾರೆ. ಮೇಟಿ (ಕಣದ ನಡುವಿನ ಕಂಬ) ಸುತ್ತ ಎತ್ತು ತಿರುಗುತ್ತಾ ರಾತ್ರಿಯೆಲ್ಲ ರಾಶಿ ನಡೆಯುವಾಗ ನಿದ್ದೆ ಬರದಿರಲಿ ಅಂತ ಹಾಡುತ್ತಿದ್ದ ಪದಗಳು ಅವು. ಮಷಿನ್ ಬಂದ ಮೇಲೆ ಹಾಡುವ ಸಂದರ್ಭವೇ ಹೋಯಿತು, ಹಾಡು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಅವರನ್ನು ಕರೆಸಿ ಹಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಕನ್ನಡ ಪಾಠದವರು ಎಂಟನೆಯವರಿಂದ ಬರೆಸಿಡಲಿ. ಶಾಲೆಯ ಕಣದಲ್ಲೇ ಒಂದು ಸಣ್ಣ ಮೇಟಿ ನೆಟ್ಟು ಒಂದು ಜೋಡಿ ಎತ್ತು ತಂದು ಒಂದಿಷ್ಟು ಜೋಳ ತುಳಿಸಿದರೆ ಇನ್ನೂ ಒಳ್ಳೆಯದು.

ಬೀಜ ಎತ್ತಿಡುವ ಕೆಲಸ ಕೊಯ್ಲಿಗಿಂತ ಮುಂಚೆ ಆಗಬೇಕು, ರಾಶಿ ಆದ ಮೇಲೆ ಗುಡ್ಡೆಯಿಂದ ಒಂದು ಬೊಗಸೆ ತೆಗೆದರೆ ಅದು ಬೀಜ ಅಲ್ಲ. ಒಂಬತ್ತನೆಯವರು ಹೊಲದ ನಡುವೆ ಹೋಗಿ, ಅಂಚಿನ ಸಾಲು ಬಿಟ್ಟು, ಒಂದೇ ಎತ್ತರದ, ರೋಗ ಇಲ್ಲದ, ತೆನೆ ತುಂಬಿದ ಗಿಡಗಳಿಗೆ ಬಣ್ಣದ ದಾರ ಕಟ್ಟಲಿ. ಅವನ್ನು ಬೇರೆ ಕೊಯ್ದು, ಕೈಯಲ್ಲೇ ಬಡಿದು, ನೆರಳಲ್ಲೂ ಎಳೆಬಿಸಿಲಲ್ಲೂ ಒಣಗಿಸಲಿ. ಎಂ 35-1 ಹೈಬ್ರಿಡ್ ಅಲ್ಲ, ಮಾಲ್ದಂಡಿಯಿಂದಲೇ ಆರಿಸಿದ ತಳಿ, ಹಾಗಾಗಿ ಅದರ ಬೀಜ ಮನೆಯಲ್ಲೇ ಉಳಿಸಿಕೊಳ್ಳಬಹುದು. ಕೈತೋಟದಲ್ಲಿ ಹೈಬ್ರಿಡ್ ಟೊಮೆಟೊ, ಮೆಣಸು ಹಾಕಿದ್ದರೆ ಅದರ ಬೀಜ ಹಿಡಿದರೆ ಮುಂದಿನ ವರ್ಷ ಗಿಡ ಒಂದೊಂದು ಒಂದೊಂದು ತರ ಬರುತ್ತದೆ. ಒಂದು ಮಡಿಯಲ್ಲಿ ಬೇಕಂತಲೇ ಹಾಕಿ ತೋರಿಸಿ, ಹೈಬ್ರಿಡ್ ಅಂದರೇನು ಅಂತ ಬೇರೆ ಪಾಠ ಬೇಕಾಗಲ್ಲ.

ಎಕರೆಗೆ ಜೋಳದ ಬೀಜ 3 ಕಿಲೋ ಸಾಕು. ನಿಮ್ಮದು ಅರ್ಧ ಎಕರೆ ಜೋಳ ಅಂದುಕೊಂಡರೆ ಒಂದೂವರೆ ಕಿಲೋ ಬೇಕು, ಅದರ ಎರಡರಷ್ಟು ಎತ್ತಿಡಿ. ಮೊಳಕೆ ಪರೀಕ್ಷೆ ಎಂಟನೆಯವರಿಗೆ ಕೊಡಿ. ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಜೋಳಕ್ಕೆ ಹತ್ತು ದಿನ, ಕಡಲೆಗೆ ಎಂಟು ದಿನ ಬಿಟ್ಟು ಗಟ್ಟಿಯಾಗಿ ಮೊಳೆತವನ್ನು ಎಣಿಸಬೇಕು. ಪ್ರಮಾಣಿತ ಬೀಜಕ್ಕೆ ಜೋಳದಲ್ಲಿ ಕನಿಷ್ಠ 75, ಕಡಲೆಯಲ್ಲಿ 85 ಮೊಳೆಯಬೇಕು ಅಂತ ನಿಯಮ ಇದೆ. ಕಾಳು ಚೆನ್ನಾಗಿ ಒಣಗಿದ ಮೇಲೆ, ಗಾಳಿಯಾಡದ ಡಬ್ಬಿಯಲ್ಲಿ ಬಾಯಿಮಟ ತುಂಬಿ, ಒಣ ಬೇವಿನ ಸೊಪ್ಪು ಇಲ್ಲವೇ ಬೂದಿ ಹಾಕಿ ಮುಚ್ಚಿ. ಚೀಟಿಯಲ್ಲಿ ತಳಿ, ಕೊಯ್ದ ತಾರೀಕು, ಮೊಳಕೆ ಪ್ರಮಾಣ, ಬೀಜ ಹಿಡಿದವರ ಹೆಸರು. ಬೀಳ್ಕೊಡುಗೆ ದಿನ ಹತ್ತನೆಯವರು ಒಂಬತ್ತನೆಯವರ ಕೈಗೆ ಕಡಲೆ ಬೀಜದ ಡಬ್ಬಿ ಕೊಡಲಿ, ಮುಂದಿನ ವರ್ಷ ಕಡಲೆ ಹೊಲ ಅವರದ್ದೇ ಅಲ್ವಾ. ಊರಲ್ಲಿ ಹಳೆಯ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಇದ್ದರೆ ತೋರಿಸಿ, ಆದರೆ ಯಾರೂ ಒಳಗೆ ಇಳಿಯಬಾರದು. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರಲ್ಲ, ಇಳಿದವರು ಜೀವ ಕಳೆದುಕೊಂಡದ್ದಿದೆ.

ಮಣ್ಣಿನ ಮಾದರಿ ತೆಗೆಯೋಕೆ ಕೊಯ್ಲು ಮುಗಿದು ಉಳುಮೆ ಇನ್ನೂ ಆಗದ ಹೊತ್ತೇ ಸರಿ. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಕಡೆ ಅರ್ಧ ಅಡಿ ಆಳ ತೆಗೆಯಿರಿ. ಒಡ್ಡು, ಮರದ ಬುಡ, ತಿಪ್ಪೆ ಇದ್ದ ಜಾಗ ಬೇಡ. ಎಲ್ಲ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶ ಬರುತ್ತವೆ, ಜೂನ್‌ನಲ್ಲಿ ಹೊಸ ಬ್ಯಾಚಿನ ಮೊದಲ ಪಾಠ ಆ ಚೀಟಿ ಓದುವುದು. ಆಮೇಲೆ ಮಾಗಿ ಉಳುಮೆ ಮಾಡಿಸಿಬಿಡಿ. ಮಣ್ಣಿನೊಳಗಿನ ಹುಳದ ಕೋಶಗಳು ಬಿಸಿಲಿಗೆ ಬಂದು ಸಾಯುತ್ತವೆ, ಮೊದಲ ಮಳೆ ಹರಿದುಹೋಗದೆ ಇಂಗುತ್ತದೆ.

ಸಸಿ ಒಣಗುವ ಪ್ರಶ್ನೆ. ನೇರವಾಗಿ ಹೇಳುತ್ತೇನೆ, ಫೆಬ್ರವರಿ ಮಾರ್ಚ್‌ನಲ್ಲಿ ಅತಿಥಿಗಳ ಕೈಯಿಂದ ಗಿಡ ನೆಡಿಸೋದು ನಿಲ್ಲಿಸಿ. ಮೇ ತಿಂಗಳು 40 ಡಿಗ್ರಿ ದಾಟುವ ಊರಲ್ಲಿ ಎರಡು ತಿಂಗಳ ಸಸಿ ನೀರಿಲ್ಲದೆ ಬದುಕಲ್ಲ. ಅತಿಥಿಗಳಿಗೆ ಗಿಡ ಕೊಟ್ಟು ಕಳಿಸಿ, ನೆಡೋದು ಮಳೆ ಹಿಡಿದ ಮೇಲೆ. ಈಗಾಗಲೇ ನೆಲದಲ್ಲಿರುವ ಎಳೆ ಗಿಡಗಳ ಪಕ್ಕ ಒಂದೊಂದು ಮಣ್ಣಿನ ಗಡಿಗೆ ಹೂತಿಡಿ, ಬಣ್ಣ ಹಚ್ಚದ ಹಳೆಯ ಗಡಿಗೆ ಆಗಬೇಕು, ಬಾಯಿಗೆ ಮುಚ್ಚಳ. ವಾರಕ್ಕೆ ಎರಡು ಸಲ ತುಂಬಿದರೆ ನೀರು ಸಣ್ಣಗೆ ಒಸರಿ ಬೇರಿಗೆ ಸಿಗುತ್ತದೆ. ಬುಡಕ್ಕೆ ಕಬ್ಬಿನ ರವದಿ (ಒಣ ಎಲೆ) ದಪ್ಪಗೆ ಹಾಸಿ. ಸುತ್ತ ಅಷ್ಟು ಕಬ್ಬು ಇದೆ, ರವದಿಗೆ ಬೆಂಕಿ ಹಚ್ಚುವ ರೈತರೊಬ್ಬರನ್ನು ಕೇಳಿದರೆ ಒಂದು ಗಾಡಿ ಕೊಡುತ್ತಾರೆ.

ನರ್ಸರಿ ಚೀಲಗಳನ್ನು ಮಾತ್ರ ಶಾಲೆಯಲ್ಲಿ ಬಿಡಬೇಡಿ. ಎಂಟನೆಯವರು ಒಬ್ಬೊಬ್ಬರು ಎರಡು ಮೂರು ಸಸಿ ಮನೆಗೆ ಒಯ್ಯಲಿ, ಬಚ್ಚಲ ನೀರು ಹೋಗುವ ಕಡೆ ನೆರಳಲ್ಲಿ ಇಡಲಿ, ಜೂನ್‌ನಲ್ಲಿ ತರಲಿ. ವಹಿಯಲ್ಲಿ ಹೆಸರು ಬರೆದುಕೊಳ್ಳಿ. ಉಳಿದವನ್ನು ಮರದ ಕೆಳಗೆ ಒಂದು ಅಡಿ ತಗ್ಗು ತೋಡಿ ಒತ್ತೊತ್ತಾಗಿ ಜೋಡಿಸಿ, ಶಾಲೆ ಹತ್ತಿರ ಮನೆ ಇರುವ ಮಕ್ಕಳ ಗುಂಪಿಗೆ ಪಾಳಿ ಹಾಕಿ. ಆ ಗುಂಪಿಗೆ ಏನಾದರೂ ಸಿಗಲೇಬೇಕು, ಕೈತೋಟದಲ್ಲಿ ಬೇಸಿಗೆಗೆ ಬಂದ ಹೀರೆ, ಬೆಂಡೆ, ನುಗ್ಗೆ ಎಲ್ಲ ಅವರಿಗೇ ಬಿಡಿ. ರಜೆಯಲ್ಲಿ ಎಲ್ಲರಿಗೂ ಕೊಡಬಹುದಾದ ಕೆಲಸ ಅಂದರೆ ಬೀಜ ಕೂಡಿಸೋದು. ಹುಣಸೆ, ನುಗ್ಗೆ ಈಗ ಸಿಗುತ್ತವೆ, ಬೇವಿನ ಹಣ್ಣು ಮೇ ಜೂನ್‌ಗೆ ಬೀಳುತ್ತದೆ. ಬೇವಿನ ಬೀಜ ಬಹಳ ದಿನ ಜೀವ ಹಿಡಿಯಲ್ಲ, ತಾಜಾ ಇದ್ದಾಗಲೇ ಬಿತ್ತಬೇಕು. ಮಿಕ್ಕದ್ದು ಒಣಗಿಸಿಟ್ಟರೆ ಕಷಾಯಕ್ಕೆ ಬರುತ್ತದೆ, 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು.

ಟ್ರಿಪ್ ವಿಷಯಕ್ಕೆ ಬಂದರೆ, ಎಲ್ಲರೂ ನೋಡಿದ ಜಾಗಕ್ಕೇ ಮತ್ತೆ ಬಸ್ಸು ಹೊರಡಿಸಬೇಡಿ. ಮಾರ್ಚ್‌ನಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೆಲಸ ಜೋರಾಗಿರುತ್ತದೆ, ಎಂಟು ಒಂಬತ್ತನೆಯವರನ್ನು ಅಲ್ಲಿಗೆ ಕರೆದೊಯ್ಯಿರಿ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ನೀರಲ್ಲಿ ಅದ್ದಿ, ನೆರಳಿನ ಬಲೆಗಳ ಮೇಲೆ ಹರಡಿ ಒಣಗಿಸುತ್ತಾರೆ, ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಹಾಗಾದರೆ ಹಣ್ಣಾಗಿ ಮಾರುವುದು ಮೇಲೋ ಒಣಗಿಸಿ ಮಾರುವುದು ಮೇಲೋ ಅಂತ ಮಕ್ಕಳು ಅಲ್ಲೇ ಲೆಕ್ಕ ಹಾಕಲಿ. ಗಂಧಕದ ಹೊಗೆ ಕೊಡುವ ಶೆಡ್ಡಿಗೆ ಮಾತ್ರ ಬಿಡಬೇಡಿ.

ಹತ್ತನೆಯವರಿಗೆ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯ ಸಾಕು, ಅರ್ಧ ದಿನದ ಕೆಲಸ, ಅದೂ ಜನವರಿಯಲ್ಲೇ. ಯಾಕಂದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಡಿಪ್ಲೊಮಾ ಇದೆ ಅಂತ ಬಹಳ ಮನೆಗಳಿಗೆ ಗೊತ್ತೇ ಇರಲ್ಲ. ಕೃಷಿ ಡಿಪ್ಲೊಮಾವನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯ ಕನ್ನಡದಲ್ಲೇ ಕಲಿಸುತ್ತದೆ, ತೋಟಗಾರಿಕೆ ಡಿಪ್ಲೊಮಾ ಬಾಗಲಕೋಟೆ ವಿಶ್ವವಿದ್ಯಾಲಯದ್ದು. ಪಿಯು ವಿಜ್ಞಾನ ಓದಿ ಬಿಎಸ್ಸಿ ಕೃಷಿಗೆ ಹೋಗುವವರಿಗೆ ಕೃಷಿಕರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು, ಬೀಜ, ಕಳೆ, ಗೊಬ್ಬರ, ಸಲಕರಣೆ ಗುರುತಿಸುವಂಥದ್ದು. ನಿಮ್ಮ ಮಕ್ಕಳು ಅಲ್ಲಿ ಹಿಂದೆ ಬೀಳಬಾರದು. ಬೀಳ್ಕೊಡುಗೆ ದಿನ ತಂದೆತಾಯಿಯರನ್ನೂ ಕೂರಿಸಿ ಇದನ್ನು ಹೇಳಿ, ಹೆಣ್ಣುಮಕ್ಕಳ ತಂದೆಯರಿಗೆ ವಿಶೇಷವಾಗಿ ಹೇಳಿ.

ರಾಶಿ ಮಾರಿದ ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಜಗಳ ಶುರುವಾಗೋದು ಅಲ್ಲಿಂದಲೇ. ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ಮಕ್ಕಳೇ ಲೆಕ್ಕ ಓದಲಿ, ಠರಾವು ಬರೆಸಿ, ದುಡ್ಡು ಶಾಲೆಯ ಖಾತೆಗೆ ಹೋಗಲಿ. ಒಂದು ಪಾಲು ಮುಂದಿನ ವರ್ಷದ ಬೀಜ, ಸಲಕರಣೆಗೆ, ಇನ್ನೊಂದು ಪಾಲು ಏನಾಗಬೇಕು ಅಂತ ಮಕ್ಕಳು ತೀರ್ಮಾನಿಸಲಿ.

ಇಷ್ಟೂ ಈ ಒಂದೇ ವರ್ಷ ಆಗಲ್ಲ, ಹಟಕ್ಕೆ ಬೀಳಬೇಡಿ. ಈ ಸಲ ಮೂರು ಸಾಕು: ಜೋಳದ 5 ಮೀಟರ್ ಚೌಕ, ದಾರ ಕಟ್ಟಿದ ತೆನೆಯ ಬೀಜ, ಸಸಿ ಮನೆಗೆ ಒಯ್ಯುವ ಪಟ್ಟಿ. ವಹಿ ಇಟ್ಟಿಲ್ಲ ಅಂದರೆ ಮಕ್ಕಳನ್ನು ಕೂರಿಸಿ ಈ ವರ್ಷದ್ದನ್ನು ನೆನಪಿನಿಂದ ಬರೆಸಿ, ಎಲ್ಲಿ ನೆನಪಿಲ್ಲವೋ ಅಲ್ಲಿ ಖಾಲಿ ಬಿಡಲಿ. ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಒಂದೊಂದು ಗುಂಪಿಗೆ 200 ಪುಟದ ರಟ್ಟಿನ ವಹಿ ಕೊಡಿ, ಮೊದಲ ಪುಟದಲ್ಲಿ ಬೀಜದ ಡಬ್ಬಿಯ ಚೀಟಿ ಅಂಟಿಸಲಿ.